ಒಂಟಿ ಕೈಗೆ ತೆರೆಯದ ಬೀಗ

ಒಬ್ಬನೇ ಮನುಷ್ಯನ ಹೃದಯ, ಯಕೃತ್ತು, ಮಿದುಳು, ಚರ್ಮ ಇವುಗಳಿಂದ ಒಂದೊಂದು ಜೀವಕೋಶವನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ಅವು ನಾಲ್ಕು ಬೇರೆ ಬೇರೆ ಜೀವಿಗಳಿಗೆ ಸೇರಿದವೇನೋ ಎನ್ನಿಸುತ್ತದೆ. ಹೃದಯದ ಕೋಶ ಮಿಡಿಯುತ್ತದೆ. ಮಿದುಳಿನ ಕೋಶ ಉದ್ದನೆಯ ಎಳೆ ಚಾಚಿ ಸಂದೇಶ ಸಾಗಿಸುತ್ತದೆ. ಯಕೃತ್ತಿನ ಕೋಶ ಪಿತ್ತರಸ ತಯಾರಿಸುತ್ತದೆ. ಆದರೆ ನಾಲ್ಕರ ಒಳಗೂ ಇರುವ ಡಿ.ಎನ್.ಎ. ಮಾತ್ರ ಒಂದೇ. ಅದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ, ಸುಮಾರು 300 ಕೋಟಿ ಅಕ್ಷರಗಳ ಬೃಹತ್ ಗ್ರಂಥ. ಪ್ರೋಟೀನ್ ತಯಾರಿಕೆಯ ಸೂಚನೆಗಳನ್ನು ಹೊತ್ತ ವಂಶವಾಹಿಗಳು, ಅಂದರೆ ಜೀನ್‌ಗಳು, ಅದರಲ್ಲಿ ಸುಮಾರು 20 ಸಾವಿರ ಇವೆ. ಗ್ರಂಥ ಒಂದೇ ಆದರೂ ಹೃದಯದ ಕೋಶ ಓದುವ ಪುಟಗಳು ಬೇರೆ, ಯಕೃತ್ತಿನ ಕೋಶ ಓದುವ ಪುಟಗಳು ಬೇರೆ. ಯಾವ ಪುಟ ತೆರೆಯಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ನಿರ್ಧರಿಸುವವರು ಯಾರು?

ಈ ಕೆಲಸಕ್ಕೆಂದೇ ಕೆಲವು ಪ್ರೋಟೀನ್‌ಗಳಿವೆ. ಇಂಗ್ಲಿಷಿನಲ್ಲಿ ಅವುಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದು ಹೆಸರು. ವಂಶವಾಹಿಯಲ್ಲಿರುವ ಸೂಚನೆಯನ್ನು ಆರ್.ಎನ್.ಎ. ರೂಪದಲ್ಲಿ ನಕಲು ಮಾಡಿಕೊಳ್ಳುವುದೇ ಟ್ರಾನ್ಸ್‌ಕ್ರಿಪ್ಷನ್. ನಕಲು ಆಗದಿದ್ದರೆ ಪ್ರೋಟೀನೂ ತಯಾರಾಗದು. ಆ ನಕಲು ಆರಂಭವಾಗಬೇಕೇ ಬೇಡವೇ ಎಂದು ತೀರ್ಮಾನಿಸುವ ಈ ನಿಯಂತ್ರಕ ಪ್ರೋಟೀನ್‌ಗಳು ಮನುಷ್ಯನಲ್ಲಿ 1,600ಕ್ಕೂ ಹೆಚ್ಚು ಬಗೆಯವು ಇವೆ. ಇವು ಡಿ.ಎನ್.ಎ. ಮೇಲೆ ನಿಗದಿಯಾದ ಜಾಗದಲ್ಲಿ ಕೂತು, ಸಂಬಂಧಪಟ್ಟ ವಂಶವಾಹಿಯನ್ನು ಚಾಲೂ ಮಾಡುತ್ತವೆ ಇಲ್ಲವೇ ಬಂದ್ ಮಾಡುತ್ತವೆ. 300 ಕೋಟಿ ಅಕ್ಷರಗಳ ನಡುವೆ ತಾನು ಕೂರಬೇಕಾದ ಜಾಗ ಇದೇ ಎಂದು ಪ್ರೋಟೀನಿಗೆ ಗೊತ್ತಾಗುವುದಾದರೂ ಹೇಗೆ?

ಅರ್ಧ ವಿಳಾಸದ ಕಾಗದ

ಡಿ.ಎನ್.ಎ. ತಿರುಚಿದ ಏಣಿಯಂತಿದೆ ಎಂಬುದು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಗೊತ್ತು. ಎ ಎದುರಿಗೆ ಟಿ, ಜಿ ಎದುರಿಗೆ ಸಿ ಜೋಡಿಯಾಗಿ ಏಣಿಯ ಮೆಟ್ಟಿಲುಗಳಾಗಿವೆ. ಅಕ್ಷರಗಳು ಒಳಗಿರುವುದರಿಂದ ಅವನ್ನು ಓದಲು ಏಣಿಯನ್ನು ಸೀಳಬೇಕು ಎಂದು ತೋರಬಹುದು. ಹಾಗೇನೂ ಇಲ್ಲ. ಏಣಿಯ ಹೊರಮೈಯಲ್ಲಿ ಎರಡು ಕಾಲುವೆಗಳು ಸುತ್ತಿಕೊಂಡು ಸಾಗುತ್ತವೆ. ಒಂದು ಅಗಲ, ಇನ್ನೊಂದು ಕಿರಿದು. ಅಗಲವಾದ ಕಾಲುವೆಯ ತಳದಲ್ಲಿ ಮೆಟ್ಟಿಲುಗಳ ಅಂಚು ಹೊರಗೆ ಕಾಣುತ್ತದೆ. ಎ-ಟಿ ಮೆಟ್ಟಿಲಿನ ಅಂಚು ಒಂದು ಬಗೆ, ಜಿ-ಸಿ ಮೆಟ್ಟಿಲಿನದು ಇನ್ನೊಂದು ಬಗೆ. ಪ್ರೋಟೀನಿನ ಒಂದು ಸುರುಳಿ ಭಾಗ ಬೆರಳಿನಂತೆ ಈ ಕಾಲುವೆಯೊಳಗೆ ಇಳಿದು ಅಂಚುಗಳನ್ನು ತಡವುತ್ತದೆ. ದೃಷ್ಟಿಹೀನರು ಬ್ರೈಲ್ ಲಿಪಿಯನ್ನು ಬೆರಳಿನಲ್ಲಿ ಓದುವ ಹಾಗೆ. ಅಕ್ಷರಗಳು ಹೊಂದಿಕೆಯಾದರೆ ಹೈಡ್ರೊಜನ್ ಬಂಧಗಳು ಏರ್ಪಟ್ಟು ಪ್ರೋಟೀನ್ ಅಲ್ಲಿ ನಿಲ್ಲುತ್ತದೆ. ಇಲ್ಲದಿದ್ದರೆ ಜಾರಿ ಮುಂದೆ ಹೋಗುತ್ತದೆ.

ತೊಂದರೆ ಇರುವುದು ಬೆರಳಿನ ಉದ್ದದಲ್ಲಿ. ಡಿ.ಎನ್.ಎ. ಸುಮಾರು ಹತ್ತು ಮೆಟ್ಟಿಲಿಗೆ ಒಂದು ಸುತ್ತು ತಿರುಗಿಬಿಡುತ್ತದೆ. ಒಂದು ಬೆರಳಿಗೆ ನಿಲುಕುವುದು ನಾಲ್ಕೋ ಆರೋ ಅಕ್ಷರ ಮಾತ್ರ. ನಾಲ್ಕಾರು ಅಕ್ಷರದ ವಿಳಾಸ ಎಷ್ಟು ಪ್ರಯೋಜನ? ಊರಿನ ಪ್ರತಿ ಬಡಾವಣೆಯಲ್ಲೂ 5ನೇ ಅಡ್ಡರಸ್ತೆ ಇರುತ್ತದೆ. ಕಾಗದದ ಮೇಲೆ ‘5ನೇ ಅಡ್ಡರಸ್ತೆ’ ಎಂದಷ್ಟೇ ಬರೆದಿದ್ದರೆ ಅಂಚೆಯವನು ಅದನ್ನು ಯಾರ ಮನೆಗೆ ಹಾಕಬೇಕು?

ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಪ್ರತಿ ಸ್ಥಾನದಲ್ಲಿ ನಾಲ್ಕರಲ್ಲಿ ಒಂದು ಅಕ್ಷರ ಬರಲು ಸಾಧ್ಯ. ಜಿ-ಎ-ಟಿ-ಎ ಎಂಬ ನಾಲ್ಕಕ್ಷರದ ಪದ ಆಕಸ್ಮಿಕವಾಗಿ ಬರುವ ಸಂಭವ 4×4×4×4, ಅಂದರೆ 256ರಲ್ಲಿ ಒಂದು. 300 ಕೋಟಿಯನ್ನು 256ರಿಂದ ಭಾಗಿಸಿದರೆ ಒಂದು ಕೋಟಿಗೂ ಹೆಚ್ಚು ಜಾಗಗಳಲ್ಲಿ ಅದೇ ಪದ! ಆರು ಅಕ್ಷರದ ಪದವಾದರೆ 4,096ರಲ್ಲಿ ಒಂದು. ಆಗಲೂ ಏಳು ಲಕ್ಷಕ್ಕೂ ಹೆಚ್ಚು ಜಾಗ. ಆದರೆ ಆರಾರು ಅಕ್ಷರ ಓದುವ ಮೂರು ಪ್ರೋಟೀನ್‌ಗಳು ಅಕ್ಕಪಕ್ಕ ಕೂತರೆ ಒಟ್ಟು 18 ಅಕ್ಷರದ ವಿಳಾಸವಾಯಿತು. ಅಂಥದು ಬರುವ ಸಂಭವ ಸುಮಾರು 6,872 ಕೋಟಿಯಲ್ಲಿ ಒಂದು. ಇಡೀ ಗ್ರಂಥದಲ್ಲಿ ಅದು ಆಕಸ್ಮಿಕವಾಗಿ ಒಂದು ಸಲವೂ ಬರಲಾರದು. ಒಬ್ಬನಿಗೆ ಅಡ್ಡರಸ್ತೆ, ಇನ್ನೊಬ್ಬನಿಗೆ ಬಡಾವಣೆ, ಮತ್ತೊಬ್ಬನಿಗೆ ಮನೆಯ ನಂಬರು ಗೊತ್ತು. ಮೂವರೂ ಕೂಡಿದರೆ ಮನೆ ಸಿಕ್ಕಿತು.

ಹಾಗಾದರೆ ಉದ್ದನೆಯ ವಿಳಾಸ ಓದಬಲ್ಲ, ಬಿಗಿಯಾಗಿ ಅಂಟಿಕೊಳ್ಳುವ ಒಂದೇ ದೊಡ್ಡ ಪ್ರೋಟೀನ್ ಸಾಕಿತ್ತಲ್ಲ ಎಂದು ಕೇಳಬಹುದು. ಬಿಗಿಯಾಗಿ ಅಂಟುವ ಪ್ರೋಟೀನ್ ತಪ್ಪು ವಿಳಾಸಗಳಿಗೂ ಅಷ್ಟಿಷ್ಟು ಬಿಗಿಯಾಗಿಯೇ ಅಂಟುತ್ತದೆ. ಸರಿಯಾದ ಜಾಗದಲ್ಲಿ ಕೂತರೂ ಬೇಕಾದಾಗ ಅದನ್ನು ಎಬ್ಬಿಸುವುದು ಕಷ್ಟ. ಜೀವಕೋಶಕ್ಕೆ ಬೇಕಾದುದು ಸರಿಯಾದ ಕಡೆ ಗಟ್ಟಿಯಾಗಿ ಕೂರುವ, ಆದರೆ ಕಾಲ ಬಂದಾಗ ಥಟ್ಟನೆ ಎದ್ದು ಹೋಗುವ ಏರ್ಪಾಡು. ಅದು ಹೇಗೆ ಸಾಧ್ಯ ಎಂಬುದನ್ನು ಮೊದಲು ವಿವರವಾಗಿ ಕಲಿಸಿದ್ದು ಒಂದು ವೈರಸ್.

ಮಲಗಿದ ವೈರಸ್

ಮನುಷ್ಯನ ಕರುಳಿನಲ್ಲಿ ವಾಸಿಸುವ ಈ. ಕೋಲಿ ಎಂಬ ಬ್ಯಾಕ್ಟೀರಿಯವನ್ನು ಹೊಕ್ಕು ಬದುಕುವ ವೈರಸ್ಸಿಗೆ ಲ್ಯಾಮ್‌ಡ ಎಂದು ಹೆಸರು. 1950ರ ಸುಮಾರಿನಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಸ್ತರ್ ಲೆಡರ್‌ಬರ್ಗ್ ಇದನ್ನು ಕಂಡುಹಿಡಿದರು. ಇದರ ಡಿ.ಎನ್.ಎ. ಉದ್ದ 48,502 ಅಕ್ಷರಜೋಡಿಗಳು ಮಾತ್ರ. ಬ್ಯಾಕ್ಟೀರಿಯದ ಒಳಹೊಕ್ಕ ಲ್ಯಾಮ್‌ಡಕ್ಕೆ ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಅದು ತನ್ನ ನಕಲುಗಳನ್ನು ಎಡೆಬಿಡದೆ ತಯಾರಿಸಿ, ಒಂದು ಗಂಟೆಯೊಳಗೆ ಬ್ಯಾಕ್ಟೀರಿಯವನ್ನು ಒಡೆದು, ನೂರರಷ್ಟು ಮರಿಗಳಾಗಿ ಹೊರಬರುತ್ತದೆ. ಎರಡನೆಯದರಲ್ಲಿ ತನ್ನ ಡಿ.ಎನ್.ಎ.ಯನ್ನು ಬ್ಯಾಕ್ಟೀರಿಯದ ಡಿ.ಎನ್.ಎ.ಗೆ ಹೊಲಿದುಕೊಂಡು ಸುಮ್ಮನೆ ಮಲಗುತ್ತದೆ. ಬ್ಯಾಕ್ಟೀರಿಯ ಎರಡಾಗಿ, ನಾಲ್ಕಾಗಿ ಬೆಳೆದಂತೆ ಮಲಗಿದ ವೈರಸ್ಸೂ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ.

ಇಂಥ ಮಲಗಿದ ವೈರಸ್‌ಗಳಿರುವ ಬ್ಯಾಕ್ಟೀರಿಯಗಳಿಗೆ ಅತಿನೇರಳೆ ಕಿರಣಗಳನ್ನು ತಾಗಿಸಿದರೆ ಅವು ಸಾಮೂಹಿಕವಾಗಿ ಒಡೆದುಹೋಗುತ್ತವೆ ಎಂಬುದನ್ನು 1950ರಲ್ಲಿ ಪ್ಯಾರಿಸ್‌ನ ಪ್ಯಾಸ್ಚರ್ ಸಂಸ್ಥೆಯಲ್ಲಿ ಆಂದ್ರೆ ಲ್ವಾಫ್ ಮತ್ತು ಸಂಗಡಿಗರು ತೋರಿಸಿದರು. ಮಲಗಿದ್ದ ವೈರಸ್ ಎಚ್ಚೆತ್ತು ಹೊರಟಿತ್ತು. ಅದನ್ನು ಮಲಗಿಸಿಟ್ಟಿದ್ದು ಯಾವುದೋ ತಡೆ ಇರಬೇಕೆಂದು ಅದೇ ಸಂಸ್ಥೆಯ ಫ್ರಾಂಸ್ವಾ ಜಾಕೊಬ್ ಮತ್ತು ಜಾಕ್ ಮೊನೊ ತರ್ಕಿಸಿದರು. ಮೂವರಿಗೂ 1965ರಲ್ಲಿ ನೊಬೆಲ್ ಬಹುಮಾನ ಬಂತು. ಆದರೆ ಆ ತಡೆಯನ್ನು ಕೈಯಲ್ಲಿ ಹಿಡಿದು ತೋರಿಸಿದವರು ಆವರೆಗೆ ಯಾರೂ ಇರಲಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಮಾರ್ಕ್ ಟಾಶ್ನೆ ಅದನ್ನು ಬೇರ್ಪಡಿಸಿದರು. ಅದು 236 ಅಮೈನೊ ಆಮ್ಲಗಳ ಒಂದು ಪ್ರೋಟೀನ್. ‘ತಡೆ ಪ್ರೋಟೀನ್’ ಎಂದು ಕರೆಯಬಹುದು.

ಈ ತಡೆ ಪ್ರೋಟೀನಿನ ಆಕಾರ ವ್ಯಾಯಾಮದ ಡಂಬೆಲ್‌ನಂತೆ. ಎರಡು ಗುಂಡು, ನಡುವೆ ಒಂದು ಎಳೆ. ಒಂದು ಗುಂಡಿನಲ್ಲಿ ಡಿ.ಎನ್.ಎ. ಓದುವ ಬೆರಳಿದೆ. ಇನ್ನೊಂದು ಗುಂಡು ಜೊತೆಗಾರನ ಕೈ ಹಿಡಿಯಲು. ಮೊದಲು ಎರಡು ಪ್ರೋಟೀನ್‌ಗಳು ಜೋಡಿಯಾಗುತ್ತವೆ. ಆ ಜೋಡಿ ವೈರಸ್ಸಿನ ಡಿ.ಎನ್.ಎ.ಯಲ್ಲಿ 17 ಅಕ್ಷರಗಳ ಒಂದು ಪೀಠದ ಮೇಲೆ ಕೂರುತ್ತದೆ. ಎರಡೂ ಬೆರಳುಗಳು ಒಂದೇ ಬದಿಯಿಂದ, ಒಂದು ಸುತ್ತಿನ ಅಂತರದಲ್ಲಿ, ಅಗಲದ ಕಾಲುವೆಗೆ ಇಳಿಯುತ್ತವೆ. ಇಂಥ ಪೀಠಗಳು ಒಂದರ ಪಕ್ಕ ಒಂದು ಮೂರು ಇವೆ. ಮೊದಲನೆಯ ಪೀಠ ಪ್ರೋಟೀನನ್ನು ಚೆನ್ನಾಗಿ ಹಿಡಿಯುತ್ತದೆ. ಎರಡನೆಯದರ ಹಿಡಿತ ಅದಕ್ಕಿಂತ ಬಹಳ ಸಡಿಲ. ಆದರೂ ಬ್ಯಾಕ್ಟೀರಿಯದ ಒಳಗೆ ನೋಡಿದರೆ ಎರಡು ಪೀಠಗಳೂ ಹೆಚ್ಚುಕಡಿಮೆ ಒಟ್ಟಿಗೇ ತುಂಬುತ್ತವೆ. ಇದೇನು ವಿಚಿತ್ರ?

ಉತ್ತರ ಬಂದದ್ದು 1979ರಲ್ಲಿ. ಅಲೆಕ್ಸಾಂಡರ್ ಜಾನ್ಸನ್, ಬಾರ್ಬರಾ ಮೇಯರ್ ಮತ್ತು ಟಾಶ್ನೆ ‘ಹೆಜ್ಜೆಗುರುತು’ ಎಂಬ ವಿಧಾನ ಬಳಸಿದರು. ಡಿ.ಎನ್.ಎ.ಯನ್ನು ಕತ್ತರಿಸುವ ಕಿಣ್ವವೊಂದನ್ನು ಹಾಕಿದಾಗ ಪ್ರೋಟೀನ್ ಕೂತ ಭಾಗ ಮಾತ್ರ ಕತ್ತರಿಗೆ ಸಿಗದೆ ಉಳಿಯುತ್ತದೆ. ಉಳಿದ ಭಾಗವೇ ಪ್ರೋಟೀನಿನ ಹೆಜ್ಜೆಗುರುತು. ಅವರು ಮೊದಲನೆಯ ಪೀಠದ ಅಕ್ಷರ ಕೆಟ್ಟಿದ್ದ ಡಿ.ಎನ್.ಎ.ಯನ್ನು ಪರೀಕ್ಷಿಸಿದರು. ಎರಡನೆಯ ಪೀಠದ ಒಂದಕ್ಷರವೂ ಬದಲಾಗಿರಲಿಲ್ಲ. ಆದರೂ ಅದು ತುಂಬಲು ಮೊದಲಿಗಿಂತ ಹೆಚ್ಚು ಪ್ರೋಟೀನ್ ಬೇಕಾಯಿತು. ಅಂದರೆ ಎರಡನೆಯ ಪೀಠದ ಮೇಲಿನ ಜೋಡಿ ಕೂತಿದ್ದು ತನ್ನ ಪೀಠದ ಬಲದಿಂದಷ್ಟೇ ಅಲ್ಲ, ಪಕ್ಕದವರ ಕೈ ಹಿಡಿದ ಬಲದಿಂದ ಕೂಡ.

ಹೊಳೆ ದಾಟುವವರು

ಮಳೆಗಾಲದಲ್ಲಿ ತುಂಬಿದ ಹೊಳೆ ದಾಟುವವರು ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುತ್ತಾರೆ. ಒಬ್ಬನೇ ಇದ್ದು ಕಾಲು ಜಾರಿದರೆ ಕೊಚ್ಚಿಹೋದಂತೆಯೇ. ಕೈ ಹಿಡಿದಿದ್ದರೆ ಜಾರಿದವನನ್ನು ಪಕ್ಕದವನು ತಡೆದು ನಿಲ್ಲಿಸುತ್ತಾನೆ, ಅಷ್ಟರಲ್ಲಿ ಕಾಲು ಮತ್ತೆ ನೆಲೆ ಕಂಡುಕೊಳ್ಳುತ್ತದೆ. ಎಲ್ಲರೂ ಒಂದೇ ಕ್ಷಣದಲ್ಲಿ ಜಾರಿದರೆ ಮಾತ್ರ ಅಪಾಯ, ಅದು ಅಪರೂಪ. ಪ್ರೋಟೀನ್‌ಗಳ ಕಥೆಯೂ ಹೀಗೆಯೇ. ಕೋಶದೊಳಗೆ ಅಣುಗಳು ಸದಾ ಜಗ್ಗಾಡುತ್ತಿರುತ್ತವೆ. ಪೀಠದ ಮೇಲೆ ಕೂತ ಪ್ರೋಟೀನ್ ಆಗಾಗ ಜಾರುತ್ತದೆ. ಒಂಟಿಯಾಗಿದ್ದರೆ ದೂರ ತೇಲಿಹೋಗುತ್ತದೆ. ಪಕ್ಕದವನ ಹಿಡಿತದಲ್ಲಿದ್ದರೆ ಹತ್ತಿರದಲ್ಲೇ ಉಳಿದು ಮತ್ತೆ ಕೂರುತ್ತದೆ. ಕೈ ಹಿಡಿತ ಬಹಳ ಬಿಗಿಯಾಗಿರಬೇಕೆಂದೇನೂ ಇಲ್ಲ. ದುರ್ಬಲವಾದ ಹಲವು ಹಿಡಿತಗಳು ಕೂಡಿದರೆ ಬಲವಾದ ಹಿಡಿತವಾಗುತ್ತದೆ.

ಇದರಿಂದ ಇನ್ನೊಂದು ಲಾಭವಿದೆ. ಗಣಿತದಲ್ಲಿ ಆಸಕ್ತಿಯಿರುವ ಪಿ.ಯು.ಸಿ. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಒಂಟಿಯಾಗಿ ಕೂರುವ ಪ್ರೋಟೀನಿನ ಪ್ರಮಾಣವನ್ನು ‘ಕ್ಷ’ ಎಂದುಕೊಂಡರೆ, ಪೀಠ ತುಂಬಿರುವ ಕಾಲದ ಭಾಗ ಕ್ಷ ÷ (1+ಕ್ಷ). ಇಲ್ಲಿ ಪೀಠ ಅರ್ಧ ಕಾಲ ತುಂಬಿರಲು ಬೇಕಾದಷ್ಟು ಪ್ರೋಟೀನನ್ನು ಒಂದು ಎಂದು ಹಿಡಿದಿದೆ. ಕ್ಷ ಒಂಬತ್ತರಲ್ಲಿ ಒಂದು ಭಾಗವಿದ್ದರೆ ಪೀಠ ಶೇಕಡ 10ರಷ್ಟು ತುಂಬಿರುತ್ತದೆ. ಕ್ಷ ಒಂಬತ್ತಾದರೆ ಶೇಕಡ 90. ಅಂದರೆ ಹತ್ತರಿಂದ ತೊಂಬತ್ತಕ್ಕೆ ಏರಲು ಪ್ರೋಟೀನ್ 81 ಪಟ್ಟು ಹೆಚ್ಚಬೇಕು! ಎರಡು ಪ್ರೋಟೀನ್‌ಗಳು ಪೂರ್ಣ ಸಹಕಾರದಿಂದ ಒಟ್ಟಿಗೇ ಕೂರುವುದಾದರೆ 81ರ ವರ್ಗಮೂಲ, ಅಂದರೆ 9 ಪಟ್ಟು ಸಾಕು. ನಾಲ್ಕು ಪ್ರೋಟೀನ್‌ಗಳು ಹಾಗೆ ಕೂತರೆ ಕೇವಲ 3 ಪಟ್ಟು. 81, 9, 3. ಒಂಟಿ ಪ್ರೋಟೀನ್ ಫ್ಯಾನಿನ ರೆಗ್ಯುಲೇಟರಿನಂತೆ ನಿಧಾನವಾಗಿ ಏರಿಳಿಯುತ್ತದೆ. ಸಹಕಾರಿ ಗುಂಪು ದೀಪದ ಸ್ವಿಚ್ಚಿನಂತೆ ಟಕ್ಕನೆ ಬದಲಾಗುತ್ತದೆ. ರಕ್ತದ ಹಿಮೋಗ್ಲೋಬಿನ್ ಶ್ವಾಸಕೋಶದಲ್ಲಿ ಆಮ್ಲಜನಕವನ್ನು ತುಂಬಿಕೊಂಡು ಅಂಗಾಂಶಗಳಲ್ಲಿ ಬಿಟ್ಟುಕೊಡುವುದೂ ಇದೇ ಬಗೆಯ ಸಹಕಾರದಿಂದ.

ಲ್ಯಾಮ್‌ಡಕ್ಕೆ ಇಂಥ ಸ್ವಿಚ್ಚೇ ಬೇಕು. ಅರೆಬರೆ ಎಚ್ಚರಗೊಂಡ ವೈರಸ್ಸಿಗೆ ಉಳಿಗಾಲವಿಲ್ಲ. ಅತಿನೇರಳೆ ಕಿರಣಗಳಿಂದ ಬ್ಯಾಕ್ಟೀರಿಯದ ಡಿ.ಎನ್.ಎ.ಗೆ ಪೆಟ್ಟಾದಾಗ, ಅದನ್ನು ರಿಪೇರಿ ಮಾಡಲು ಬ್ಯಾಕ್ಟೀರಿಯ ಒಂದು ತುರ್ತು ವ್ಯವಸ್ಥೆಯನ್ನು ಆರಂಭಿಸುತ್ತದೆ. ಅದರ ಪ್ರಭಾವದಿಂದ ತಡೆ ಪ್ರೋಟೀನಿನ ಎರಡು ಗುಂಡುಗಳ ನಡುವಿನ ಎಳೆ ತುಂಡಾಗುತ್ತದೆ. ಮುಖ್ಯ ವಿಷಯ ಇಲ್ಲಿದೆ. ಡಿ.ಎನ್.ಎ. ಓದುವ ಬೆರಳಿಗೆ ಏನೂ ಆಗಿಲ್ಲ. ತನ್ನ ವಿಳಾಸ ಅದಕ್ಕೆ ಈಗಲೂ ಗೊತ್ತು. ಕಡಿದುಹೋದದ್ದು ಜೊತೆಗಾರನ ಕೈ ಹಿಡಿಯುವ ಭಾಗ ಮಾತ್ರ. ಅಷ್ಟು ಸಾಕು. ಒಂಟಿಯಾದ ಬೆರಳುಗಳು ಪೀಠದಿಂದ ಜಾರುತ್ತವೆ, ಮುಚ್ಚಿದ್ದ ವಂಶವಾಹಿಗಳು ತೆರೆಯುತ್ತವೆ, ಬ್ಯಾಕ್ಟೀರಿಯ ಒಡೆಯುತ್ತದೆ.

ಪಿ.ಯು.ಸಿ. ಜೀವಶಾಸ್ತ್ರದ ಪಠ್ಯದಲ್ಲಿ ಬರುವ ಲ್ಯಾಕ್ ಓಪೆರಾನ್ ಚಿತ್ರದಲ್ಲಿ ಒಂದು ಪ್ರೋಟೀನ್ ಒಂದು ಜಾಗದಲ್ಲಿ ಕೂತು ದಾರಿ ಅಡ್ಡಗಟ್ಟಿದಂತೆ ತೋರಿಸಿರುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ವಾಸ್ತವವಾಗಿ ಅಲ್ಲಿಯೂ ನಾಲ್ಕು ಪ್ರೋಟೀನ್ ಎಳೆಗಳು ಕೂಡಿಕೊಂಡಿವೆ. ಅವು ಡಿ.ಎನ್.ಎ.ಯ ಎರಡು ಬೇರೆ ಬೇರೆ ಜಾಗಗಳನ್ನು ಒಟ್ಟಿಗೆ ಹಿಡಿದು, ನಡುವಿನ ಭಾಗವನ್ನು ಕುಣಿಕೆಯಂತೆ ಬಾಗಿಸುತ್ತವೆ.

ಹೃದಯದ ಬೀಗಕ್ಕೆ ಮೂರು ಕೀಲಿ

ಬ್ಯಾಂಕಿನ ಲಾಕರ್ ತೆರೆಯಲು ಗ್ರಾಹಕನ ಕೀಲಿಯೊಂದೇ ಸಾಲದು, ಬ್ಯಾಂಕಿನವರ ಕೀಲಿಯೂ ಬೇಕು. ಮನುಷ್ಯನ ಕೋಶಗಳಲ್ಲಿ ಮುಖ್ಯವಾದ ವಂಶವಾಹಿಗಳ ಬೀಗಗಳು ಬಹುಮಟ್ಟಿಗೆ ಇಂಥವು. ಭ್ರೂಣದಲ್ಲಿ ಹೃದಯ ರೂಪುಗೊಳ್ಳುವಾಗ ಕೆಲಸ ಮಾಡುವ ಮೂರು ನಿಯಂತ್ರಕ ಪ್ರೋಟೀನ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಗಾಟಾ-4. ಜಿ-ಎ-ಟಿ-ಎ ಎಂಬ ಅಕ್ಷರಗಳನ್ನು ಗುರುತಿಸುವುದರಿಂದಲೇ ಅದಕ್ಕೆ ಆ ಹೆಸರು. ಇನ್ನೊಂದು ಟಿಬಿಎಕ್ಸ್-5. ಮೂರನೆಯದು ಎನ್‌ಕೆಎಕ್ಸ್ 2-5. ಈ ಮೂರನೆಯದರ ಬಂಧು ಹಣ್ಣಿನ ನೊಣದಲ್ಲಿದೆ. ಅದು ಕೆಟ್ಟ ನೊಣದ ಭ್ರೂಣದಲ್ಲಿ ಹೃದಯವೇ ಮೂಡುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಮಕ್ಕಳ ಕಥೆಯೊಂದರ ಹೃದಯವಿಲ್ಲದ ತಗಡಿನ ಮನುಷ್ಯನ ಹೆಸರನ್ನು ಅದಕ್ಕಿಟ್ಟರು: ಟಿನ್‌ಮ್ಯಾನ್.

ಒಂದು ಕೋಟಿಗೂ ಹೆಚ್ಚು ಕಡೆ ಸಿಗಬಹುದಾದ ಜಿ-ಎ-ಟಿ-ಎ ಪದವೊಂದನ್ನೇ ನಂಬಿದರೆ ಗಾಟಾ-4 ದಿಕ್ಕು ತಪ್ಪಿದಂತೆ. ಪಕ್ಕದಲ್ಲಿ ಟಿಬಿಎಕ್ಸ್-5ರ ಪದವೂ ಇದ್ದು, ಇಬ್ಬರೂ ಕೂತು ಕೈ ಹಿಡಿದಾಗಲೇ ಅದು ಹೃದಯದ ಬೀಗ. ಈ ಕೈ ಹಿಡಿತ ತಪ್ಪಿದರೆ ಏನಾಗುತ್ತದೆ ಎಂಬುದು 2003ರಲ್ಲಿ ತಿಳಿಯಿತು. ಹಲವು ತಲೆಮಾರುಗಳಿಂದ ಹೃದಯದ ಗೋಡೆಯಲ್ಲಿ ರಂಧ್ರವಿರುವ ಮಕ್ಕಳು ಹುಟ್ಟುತ್ತಿದ್ದ ಒಂದು ದೊಡ್ಡ ಕುಟುಂಬವನ್ನು ಅಮೆರಿಕದ ಟೆಕ್ಸಾಸ್‌ನ ವಿಜ್ಞಾನಿಗಳು ಅಧ್ಯಯನ ಮಾಡಿದರು. ದೋಷವಿದ್ದವರಲ್ಲಿ ಗಾಟಾ-4ರ ವಂಶವಾಹಿಯ ಒಂದೇ ಒಂದು ಅಕ್ಷರ ಬದಲಾಗಿತ್ತು. ಅದರಿಂದ ಪ್ರೋಟೀನಿನ 296ನೆಯ ಸ್ಥಾನದಲ್ಲಿ ಗ್ಲೈಸಿನ್ ಇರಬೇಕಾದ ಕಡೆ ಸೆರೀನ್ ಬಂದಿತ್ತು. ಡಿ.ಎನ್.ಎ. ಮೇಲಿನ ಹಿಡಿತ ಸ್ವಲ್ಪ ತಗ್ಗಿತ್ತು; ಟಿಬಿಎಕ್ಸ್-5 ಜೊತೆಗಿನ ಕೈ ಹಿಡಿತವಂತೂ ತಪ್ಪಿಯೇ ಹೋಗಿತ್ತು.

2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗ್ಲಾಡ್‌ಸ್ಟನ್ ಸಂಸ್ಥೆಯ ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಈ ದೋಷವಿರುವವರ ಕೋಶಗಳನ್ನು ಪ್ರಯೋಗಾಲಯದಲ್ಲಿ ಮೊದಲು ಆಕರಕೋಶಗಳನ್ನಾಗಿ, ಅನಂತರ ಮಿಡಿಯುವ ಹೃದಯಕೋಶಗಳನ್ನಾಗಿ ಮಾರ್ಪಡಿಸಿದರು. ಹಾಗೆ ಬಂದ ಕೋಶಗಳ ಮಿಡಿತ ದುರ್ಬಲವಾಗಿತ್ತು. ಹೃದಯಕ್ಕೆ ಅತಿಮುಖ್ಯವಾದ ಜಾಗಗಳಲ್ಲಿ ಟಿಬಿಎಕ್ಸ್-5 ಸರಿಯಾಗಿ ಕೂತಿರಲಿಲ್ಲ. ಟಿಬಿಎಕ್ಸ್-5ರಲ್ಲಿ ಯಾವ ದೋಷವೂ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ಕೈ ಹಿಡಿಯಬೇಕಾದವನು ಹಿಡಿಯದಿದ್ದುದರಿಂದ ಅದೂ ಸೋತಿತ್ತು. ಅಷ್ಟೇ ಅಲ್ಲ, ಮುಚ್ಚಬೇಕಾಗಿದ್ದ ರಕ್ತನಾಳದ ಒಳಪದರದ ವಂಶವಾಹಿಗಳು ಪೂರ್ತಿ ಮುಚ್ಚಿರಲಿಲ್ಲ. ವೈರಸ್ಸಿನಲ್ಲಿ ಅತಿನೇರಳೆ ಕಿರಣ ಮಾಡಿದ್ದ ಕೆಲಸವನ್ನು ಇಲ್ಲಿ ಒಂದಕ್ಷರದ ತಪ್ಪು ಮಾಡಿತ್ತು.

ಸಾವಿರ ಶಿಶುಗಳಲ್ಲಿ ಸುಮಾರು ಎಂಟು ಶಿಶುಗಳು ಯಾವುದಾದರೊಂದು ಹೃದಯದೋಷದೊಂದಿಗೆ ಹುಟ್ಟುತ್ತವೆ. ಎಲ್ಲಕ್ಕೂ ಗಾಟಾ-4 ಕಾರಣವಲ್ಲ. ಕಾರಣಗಳು ಹಲವು, ಬಹಳಷ್ಟು ಸಲ ಒಂದೇ ಕಾರಣ ಬೆರಳಿಟ್ಟು ತೋರಿಸಲಾಗದು. ಆದರೆ ಯಾವುದು ಕಾರಣವಲ್ಲ ಎಂದು ಖಚಿತವಾಗಿ ಹೇಳಬಹುದು. ಬಸುರಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಅದರಿಂದಲೇ ಮಗುವಿಗೆ ಹೀಗಾಯಿತು ಎಂದು ದೂರುವ ಹಿರಿಯರು ಇಂದಿಗೂ ಇದ್ದಾರೆ. ಚಂದ್ರನ ಮೇಲೆ ಬಿದ್ದ ಭೂಮಿಯ ನೆರಳಿಗೂ ಪ್ರೋಟೀನ್‌ಗಳ ಕೈ ಹಿಡಿತಕ್ಕೂ ಯಾವ ಸಂಬಂಧವೂ ಇಲ್ಲ. ಮಗುವಿನ ಹೃದಯ ಮಿಡಿಯತೊಡಗುವುದು ಗರ್ಭಾಂಕುರವಾದ ಸುಮಾರು 22ನೆಯ ದಿನಕ್ಕೆ. ಅದರ ಒಳಗೋಡೆಗಳು ಬಹುಮಟ್ಟಿಗೆ ಮುಗಿಯುವುದು ಎಂಟನೆಯ ವಾರದೊಳಗೆ. ಎಷ್ಟೋ ತಾಯಂದಿರಿಗೆ ತಾವು ಬಸುರಿ ಎಂದು ಖಚಿತವಾಗುವ ಹೊತ್ತಿಗೆ ಮಗುವಿನ ಹೃದಯದ ಮಿಡಿತ ಶುರುವಾಗಿರುತ್ತದೆ.

ಆದ್ದರಿಂದ ಇಂಥ ಮಗು ಹುಟ್ಟಿದ ಮನೆಯಲ್ಲಿ ತಾಯಿಯ ತಪ್ಪು ಹುಡುಕುತ್ತ ಕೂರುವುದಕ್ಕಿಂತ ಮಗುವನ್ನು ಹೃದಯತಜ್ಞರಿಗೆ ಬೇಗ ತೋರಿಸುವುದು ಮೇಲು. ಸಣ್ಣ ರಂಧ್ರಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ದೊಡ್ಡವನ್ನು ಶಸ್ತ್ರಚಿಕಿತ್ಸೆಯಿಂದ, ಕೆಲವನ್ನು ಎದೆ ತೆರೆಯದೆ ತೊಡೆಯ ರಕ್ತನಾಳದ ಮೂಲಕ ಸಾಧನ ಕಳಿಸಿಯೂ ಮುಚ್ಚಬಹುದು. ಒಂದೇ ಕಾಯಿಲೆ ಕುಟುಂಬದಲ್ಲಿ ಮರುಕಳಿಸುತ್ತಿದ್ದರೆ ವಂಶವಾಹಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ವಿಚಾರಿಸಬಹುದು. ಪರೀಕ್ಷೆಯಲ್ಲಿ ಒಂದಕ್ಷರದ ತಪ್ಪು ಕಂಡುಬಂದರೂ ಅದು ಯಾರ ಅಪರಾಧವೂ ಅಲ್ಲ. 300 ಕೋಟಿ ಅಕ್ಷರಗಳನ್ನು ನಕಲು ಮಾಡುವಾಗ ಆದ ಒಂದು ಕೈತಪ್ಪು, ಅಷ್ಟೆ.